ದುರ್ಗದ ಹೊಂಡ, ದುರ್ಗದ ನಿವೇಶನ

ಓಬವ್ವನ ಒನಕೆಯನ್ನು ಬಲ್ಲವರು ಅಸಂಖ್ಯರು. ಆಕೆಯ ಕೊಡವನ್ನು ನೆನೆಯುವವರು ವಿರಳ. ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರನ ಸೈನಿಕರು ಕಣ್ಣಿಗೆ ಬಿದ್ದುದು ಆಕೆ ನೀರಿಗೆಂದು ಹೋದಾಗ ಎಂಬುದು ಐತಿಹ್ಯ. ಕಿಂಡಿಯ ಸಮೀಪದಲ್ಲಿ ತಣ್ಣೀರು ದೋಣಿ ಇಂದಿಗೂ ಇದೆ.

1779ರಲ್ಲಿ ಚಿತ್ರದುರ್ಗದ ಕೋಟೆ ಹೈದರನ ಕೈಸೇರಿತು. ಆದರೆ ನೀರಿಲ್ಲದೆ ಅಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ತಂಗುವುದು. ಅದು ತುಂಬಿ ಮಿಕ್ಕದ್ದು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಕೆಳಗಣ ಪೇಟೆಯ ಸಂತೆಹೊಂಡಕ್ಕೆ. ಮೇಲಿನದರ ದಾರಿ ಕಟ್ಟಿದರೆ ಕೆಳಗಿನದು ಬರಿದು. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಕಾಣುವ ಬಯಲುಸೀಮೆಯಲ್ಲಿ ಊರು ಬಾಳಿದ್ದು ಈ ಎಚ್ಚರದಿಂದ.

ಇಂದಿನ ದುರ್ಗಕ್ಕೆ ಕುಡಿಯುವ ನೀರು ದೂರದಿಂದ ಬರಬೇಕು: ಒಂದೆಡೆ ಸೂಳೆಕೆರೆ, ಇನ್ನೊಂದೆಡೆ ಮಾರಿಕಣಿವೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣೀವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿಯಲು 2022 ಬರಬೇಕಾಯಿತು. ನಡುವೆ 89 ವರ್ಷ! ಈಚೆಗೆ ಭದ್ರೆಯ ನೀರೂ ಅದನ್ನು ಸೇರುತ್ತಿದೆ, ನಿಜ. ಆದರೆ ಊರು ತನ್ನ ದಾಹಕ್ಕೆ ಇನ್ನೂ ದೂರ ಕೈಚಾಚಿತೆಂದೇ ಅದರ ಅರ್ಥವಲ್ಲವೆ?

ಅತ್ತ ಊರು ತುರುವನೂರು ರಸ್ತೆಯನ್ನು ಹಿಡಿದು ಬೆಳೆಯುತ್ತಿದೆ. 1939ರ ಈಚಲು ಮರದ ಸತ್ಯಾಗ್ರಹದಿಂದ ನಾಡಿಗೆಲ್ಲ ಹೆಸರಾದ ತುರುವನೂರಿನ ದಾರಿ ಅದು. ಹೊಲವಿದ್ದಲ್ಲಿ ಬಡಾವಣೆ, ಬದುವಿದ್ದಲ್ಲಿ ಕಾಂಪೌಂಡು. ಇದನ್ನು ನಿಲ್ಲಿಸಿ ಎನ್ನುವುದು ಅನ್ಯಾಯ. ಊರಿಗೆ ಹೊಸ ಮನೆ ಬೇಡವೆಂಬುದು ಸಾಮಾನ್ಯವಾಗಿ ಸ್ವಂತ ಮನೆಯಿದ್ದವರ ಮಾತು. ಕೇಳಬೇಕಾದುದು ಬೇರೆ. 30-40 ಅಡಿಯ ನಿವೇಶನವೊಂದರ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 65,000 ಲೀಟರು. ಹೊಲವಾಗಿದ್ದಾಗ ಅದರಲ್ಲೊಂದು ಪಾಲನ್ನು ನೆಲ ಕುಡಿಯುತ್ತಿತ್ತು. ತಾರಸಿ, ಸಿಮೆಂಟಿನ ಅಂಗಳ, ಡಾಂಬರು ರಸ್ತೆಗಳಾದ ಮೇಲೆ ಅದು ಚರಂಡಿಯ ಪಾಲು. ಬಡಾವಣೆಯಾಚೆಯ ರೈತ ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕಿಳಿಸುತ್ತಾನೆ. ಈ ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಹಲ್ಲು-ಮೂಳೆಗಳನ್ನು ಕೆಡಿಸುವ ಫ್ಲೋರೈಡು ಬೇರೆ.

ನಿವೇಶನದ ಗೀಟು ಎಳೆಯುವ ಮುನ್ನ ನಕ್ಷೆಯಲ್ಲಿ ಹಳ್ಳದ, ಕೆರೆಗಾಲುವೆಯ ಗೀಟುಗಳನ್ನು ಎಳೆದು, ಅವುಗಳ ಮೇಲೆ ಯಾರಿಗೂ ಹಕ್ಕುಪತ್ರ ಕೊಡದಿರುವುದು ಅಧಿಕಾರಿಗಳ ಕೆಲಸ. ಗೃಹಸ್ಥರದು ಅಷ್ಟು ಕಠಿನವಲ್ಲ: ಮನೆಯ ಮುಂದೊಂದು ಇಂಗುಗುಂಡಿ, ಅದರಲ್ಲಿ ದಪ್ಪ ಕಲ್ಲು, ಜಲ್ಲಿ, ಮರಳು; ತಾರಸಿಯಿಂದ ಅದಕ್ಕಿಳಿದ ಒಂದು ಕೊಳವೆ. ಗೃಹಪ್ರವೇಶದ ಊಟದಲ್ಲಿ ಒಂದು ಪಂಕ್ತಿ ಕಡಿಮೆಯಾದರೆ ಬಹುಶಃ ಅದರ ಖರ್ಚು ಹುಟ್ಟೀತು.