ಅಕ್ಕನು ಕೇಳಿದ ಹಕ್ಕಿಗಳು

ತಾಯಿ ಅಕ್ಕಮಹಾದೇವಿ ತನ್ನ ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಗಿಳಿ, ಕೋಗಿಲೆ, ನವಿಲುಗಳಲ್ಲಿ ಕೇಳಿದಳು. ಕೇಳಿದಳಷ್ಟೆ, ಬೆದರಿಸಲಿಲ್ಲ. ಕ್ಯಾಮೆರಾ ಹಿಡಿದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗುವ ಸದ್ಭಕ್ತರು ಇದನ್ನು ನೆನೆಯಬೇಕು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಆ ಊರಿನೊಳಗಣ ಹುಣಸೆಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕುತ್ತಾರೆ. ಅಂತಹ ಬಾಣಂತಿಯ ಮುಂದೆ, ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟುವುದು ದಯೆಯೇ? ತಾಯಿ ಹಾರಿಹೋದರೆ ಎಳೆಮರಿಗೆ ನೆರಳಿಲ್ಲ. ಚಿತ್ರ ಚೆನ್ನಾಗಿ ಬರಬಹುದು, ಅದು ಬೇರೆ ಮಾತು.

ನಮಗಂತೂ ಪೆನ್ಸಿಲೇ ಮೇಲೆಂದು ತೋರುತ್ತದೆ. ಹೆಜ್ಜಾರ್ಲೆಯ ಕೊಕ್ಕಿನ ಚುಕ್ಕೆಗಳನ್ನು ನೋಡಿ ನೋಡಿ ಬರೆಯುವಷ್ಟರಲ್ಲಿ ಅರ್ಧ ತಾಸು ಸರಿದಿರುತ್ತದೆ. ಅಂಗೈಯ ಇಷ್ಟಲಿಂಗದಲ್ಲಿ ನಿಲ್ಲುವ ದೃಷ್ಟಿಯೇ ಅಲ್ಲಿಯೂ ನಿಂತಿರುತ್ತದೆ. ಹಕ್ಕಿಗೆ ನಮ್ಮ ಗೊಡವೆಯೇ ಇಲ್ಲ; ಮರಿಯು ಅದರ ಗಂಟಲಚೀಲದೊಳಗೆ ತಲೆ ತೂರಿಸಿ ಉಣ್ಣುತ್ತಿರುತ್ತದೆ.