ಫ್ರೀಡಂ ಫೈಟರ್ ಎಂಬ ರಫ್ತಿನ ಸರಕು

ನಮ್ಮ ಕಡೆ ‘ಫ್ರೀಡಂ ಫೈಟರ್’ ಅಂದರೆ ಖಾದಿ ಟೋಪಿ, ಪಿಂಚಣಿಯ ಕಡತ, ಆಗಸ್ಟ್ 15ಕ್ಕೆ ಶಾಲೆಯಲ್ಲಿ ಹೊದಿಸುವ ಶಾಲು. ಅಮೆರಿಕದ ನಾರ್ತ್‌ರಾಪ್ ಕಂಪನಿ ತಯಾರಿಸಿದ ಎಫ್-5ಎ ಯುದ್ಧವಿಮಾನಕ್ಕೂ ಇದೇ ಹೆಸರು. ವಿಮಾನಗಳ ಹುಚ್ಚಿರುವ ಗೆಳೆಯರು ಅದನ್ನು ‘ಹಗುರ, ಅಗ್ಗ, ಸರಳ’ ಎಂದು ಹೊಗಳುತ್ತಾರೆ. ಹೆಸರಿನ ತಂಟೆಗೆ ಯಾರೂ ಹೋಗುವುದಿಲ್ಲ. ಶೀತಲ ಸಮರದ ಕಾಲದ ಪ್ರಚಾರದ ಭಾಷೆಯನ್ನು ಪಿಎಚ್.ಡಿ.ಗಾಗಿ ಓದುತ್ತಿರುವ ನನಗೆ ತಕರಾರು ಇರುವುದೇ ಆ ಹೆಸರಿನ ಬಗ್ಗೆ.

ಎಂಜಿನಿಯರಿಂಗ್ ಚೆನ್ನಾಗಿತ್ತು, ಒಪ್ಪೋಣ. ಶತ್ರುವಿನ ರಾಡಾರನ್ನು ಏಮಾರಿಸಲು ಹಾರಿಬಿಡುವ ಹುಸಿ ಕ್ಷಿಪಣಿಗೆಂದು ರೂಪಿಸಿದ್ದ ಜೆ85 ಎಂಬ ಪುಟ್ಟ ಎಂಜಿನ್ ಎರಡನ್ನು ಕೂಡಿಸಿ ಕಟ್ಟಿದ ಈ ವಿಮಾನ 1959ರ ಜುಲೈ 30ರಂದು ಮೊದಲ ಸಲ ಹಾರಿತು. ಆದರೆ ಅಮೆರಿಕದ ವಾಯುಪಡೆಗೆ ತನ್ನ ಮುಂಚೂಣಿಗೆ ಅದು ಬೇಕಿರಲಿಲ್ಲ. 1962ರಲ್ಲಿ ಕೆನಡಿ ಸರ್ಕಾರ ಮಿತ್ರದೇಶಗಳಿಗೆ ಸೇನಾ ನೆರವಾಗಿ ಕೊಡಲು ಅದನ್ನು ಆರಿಸಿತು. ಅದರಲ್ಲಿ ರಾಡಾರ್ ಇರಲಿಲ್ಲ. ‘ಸರಳ’ ಎಂಬ ಹೊಗಳಿಕೆಯ ಒಳಗಿರುವುದು ಇದೇ: ಪಡೆಯುವವನು ಎಂಥ ಯುದ್ಧ ಮಾಡಬಹುದೆಂದು ಕೊಡುವವನೇ ತೀರ್ಮಾನಿಸುವುದು. ಬಿಡಿಭಾಗಗಳ ಬೀಗದ ಕೈಯೂ ಅವನ ಸೊಂಟದಲ್ಲೇ.

ಪಡೆದವರು ಯಾರು? ಇರಾನಿನ ಶಾ, ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿ, ಸ್ಪೇನಿನ ಫ್ರಾಂಕೊ, ದಕ್ಷಿಣ ಕೊರಿಯದ ಪಾರ್ಕ್ ಚುಂಗ್ ಹೀ, ಸೈಗಾನಿನ ಜನರಲ್‌ಗಳು. ನಾರ್ವೆ, ನೆದರ್‌ಲ್ಯಾಂಡ್ಸ್, ಕೆನಡಾಗಳಿಗೂ ಸಿಕ್ಕಿತಲ್ಲ ಎಂದು ಗೆಳೆಯರು ಬಾಯಿ ಮುಚ್ಚಿಸಲು ನೋಡುತ್ತಾರೆ. ಸಿಕ್ಕಿತು, ನಿಜ. ಚುನಾವಣೆ ನಡೆಸುವವರಿಗೂ ಚುನಾವಣೆಯನ್ನೇ ಹೂತವರಿಗೂ ಅದೇ ವಿಮಾನ ಸಂದಿತೆಂದರೆ, ಆ ‘ಫ್ರೀಡಂ’ಗೂ ಜನರ ಸ್ವಾತಂತ್ರ್ಯಕ್ಕೂ ಸಂಬಂಧವೇ ಇರಲಿಲ್ಲ ಎಂದಲ್ಲವೇ? ಅದು ಬಣದ ಹೆಸರು, ಅಷ್ಟೆ. 1975ರಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ವಿಚಾರಣೆಯಲ್ಲಿ, ಸೌದಿಯ ಇಬ್ಬರು ಜನರಲ್‌ಗಳಿಗೆ ಲಂಚವೆಂದು ನಾರ್ತ್‌ರಾಪ್ 4,50,000 ಡಾಲರ್ ದಾಟಿಸಿದ್ದು ಬಯಲಾಯಿತು. ಈ ಹೋರಾಟಗಾರನಿಗೆ ಪಿಂಚಣಿ ಬೇಕಿರಲಿಲ್ಲ, ದಲ್ಲಾಳಿ ಬೇಕಿತ್ತು.

ಅದೇ ವರ್ಷ ಏಪ್ರಿಲ್ 8ರಂದು ದಕ್ಷಿಣ ವಿಯೆಟ್ನಾಂ ವಾಯುಪಡೆಯ ಪೈಲಟ್ ನ್ಗುಯೆನ್ ಥಾನ್ ಟ್ರುಂಗ್, ಇದೇ ವಂಶದ ಎಫ್-5ಇ ಹಾರಿಸಿಕೊಂಡು ಬಂದು ಸೈಗಾನಿನ ಅಧ್ಯಕ್ಷರ ಅರಮನೆಯ ಮೇಲೆ ಬಾಂಬು ಹಾಕಿ ಎದುರು ಪಕ್ಷ ಸೇರಿದ. ಕೊಟ್ಟವರ ನಿಘಂಟಿನಲ್ಲಿ ಅವನಿಗೆ ಯಾವ ಹೆಸರಿತ್ತೋ! ನಾಲ್ಕು ವರ್ಷದ ಮೇಲೆ ಶಾನ ವಿಮಾನಗಳು ಇರಾನಿನ ಕ್ರಾಂತಿಕಾರಿಗಳ ಪಾಲಾದವು.

ಈ ವಂಶದ ಕೊನೆಯ ಕುಡಿ ಎಫ್-20. ಹೊರದೇಶಗಳಿಗೆ ಮಾರಲೆಂದೇ ನಾರ್ತ್‌ರಾಪ್ ಕಟ್ಟಿದ ಅದು ಒಂದೂ ಮಾರಾಟವಾಗದೆ 1986ರಲ್ಲಿ ಮುಗಿದುಹೋಯಿತು. ಅದರಲ್ಲಿದ್ದದ್ದು ಎಫ್404 ಎಂಜಿನ್. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ಹಾರುವುದೂ ಆ ಎಂಜಿನ್ನಿನ ಇನ್ನೊಂದು ಮಾದರಿಯ ಮೇಲೆಯೇ. ಹಾಗಾಗಿ ತೇಜಸ್ಸನ್ನು ಬೇರೆಯವರಿಗೆ ಮಾರಬೇಕಾದರೆ ಅಮೆರಿಕದ ಒಪ್ಪಿಗೆ ಬೇಕು. ಇದು ನಮ್ಮ ಸ್ವಾಭಿಮಾನವನ್ನು ಚುಚ್ಚುತ್ತದೆ, ಚುಚ್ಚಲಿ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು: ತೇಜಸ್ ರಫ್ತಿನ ಮಾತು ಬಂದಾಗಲೆಲ್ಲ ನಾವು ಬೆಲೆ, ತೂಕ, ಆರ್ಡರಿನ ಲೆಕ್ಕ ಹಾಕುತ್ತೇವೆ. ಕೊಳ್ಳುವವರು ಅದನ್ನು ಯಾರ ಸೂರಿನ ಮೇಲೆ ಹಾರಿಸುತ್ತಾರೆ ಎಂದು ಕೇಳಿದವರಿಗೆ ಮಾತ್ರ ದೇಶಪ್ರೇಮದ ಪಾಠ.