ದ್ವೀಪಕ್ಕೆ ದೋಣಿ ಉಂಟು, ತೋರಿಸುವವರಿಲ್ಲ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದವರನ್ನು ಅಲ್ಲಿ ಏನುಂಟು ಎಂದು ಕೇಳಿದರೆ ತೆಂಗಿನಮರ ಉಂಟು, ನೀರು ತಿಳಿಯಾಗಿ ಉಂಟು, ಫೋಟೊ ಚೆನ್ನಾಗಿ ಬರುತ್ತದೆ ಎನ್ನುತ್ತಾರೆ. ಸ್ವಲ್ಪ ಕಣ್ಣು ತೆರೆದು ನಡೆದವರು ‘ಎಂತದೋ ಕಂಬದ ಹಾಗಿನ ಕಲ್ಲುಗಳು’ ಎಂದು ಸೇರಿಸುತ್ತಾರೆ. ಆ ಎಂತದೋ ಕಲ್ಲುಗಳಿಗಾಗಿಯೇ 2025ರ ಸೆಪ್ಟೆಂಬರ್‌ನಲ್ಲಿ ಈ ದ್ವೀಪಸಮೂಹ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ದಿನ ಉಡುಪಿಯಲ್ಲಿ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ದೋಣಿ ಇಳಿದವರಿಗೆ ಆ ಹೆಮ್ಮೆ ಯಾಕೆ ಎಂದು ತಿಳಿಸುವ ಏರ್ಪಾಡು ಮಾತ್ರ ಇನ್ನೂ ಆಗಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಲ್ಪೆಯ ಕಡೆಯ ಎಷ್ಟೋ ಹುಡುಗರು ನನ್ನ ಕ್ಲಾಸಿನಲ್ಲಿ ಕೂತವರು; ಅವರಲ್ಲಿ ಕೆಲವರು ಈಗ ದೋಣಿಯಲ್ಲಿದ್ದಾರೆ. “ಟೀಚರೇ, ಒಂದು ಗಂಟೆ ಟೈಮ್ ಉಂಟು, ಆಮೇಲೆ ಬೋಟಿನ ಹತ್ತಿರ ಬನ್ನಿ” ಎಂದು ಪ್ರೀತಿಯಿಂದಲೇ ಹೇಳಿ ಇಳಿಸುತ್ತಾರೆ. ಆ ಒಂದು ಗಂಟೆಯಲ್ಲಿ ಏನು ನೋಡಬೇಕು, ಯಾವ ಕಡೆ ನಡೆಯಬೇಕು ಎಂದು ಹೇಳುವ ಗೈಡ್ ನನಗಂತೂ ಅಲ್ಲಿ ಒಮ್ಮೆಯೂ ಸಿಕ್ಕಿಲ್ಲ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಫಲಕ ಉಂಟು, ನಿಜ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವರನ್ನು ನೋಡಿದ್ದೇನೆ, ಓದಿದವರನ್ನು ಅಷ್ಟಾಗಿ ಕಂಡಿಲ್ಲ.

ನೋಡಬೇಕಾದ್ದು ಏನೆಂದರೆ: ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಮತ್ತು ನಮ್ಮ ಪಶ್ಚಿಮ ಕರಾವಳಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವ ಕಾಲದಲ್ಲಿ ನೆಲ ಸೀಳಿ ಉಕ್ಕಿದ ಲಾವಾ ಇಲ್ಲಿ ತಣಿದು ಕಲ್ಲಾಯಿತು. ತಣಿಯುವಾಗ ಕುಗ್ಗಿತು, ಕುಗ್ಗುವಾಗ ಬಿರಿಯಿತು. ಬೇಸಿಗೆಯಲ್ಲಿ ನೀರು ಬತ್ತಿದ ಗದ್ದೆಯ ಕೆಸರು ಬಿರಿಯುವ ಹಾಗೆಯೇ, ಆದರೆ ಇಲ್ಲಿ ಬಿರುಕು ಮೇಲಿನಿಂದ ಆಳಕ್ಕೆ ಇಳಿದದ್ದರಿಂದ ಐದು, ಆರು, ಏಳು ಮುಖಗಳ ಕಂಬಗಳಾದವು. ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ 120 ಡಿಗ್ರಿ ಕೋನದಲ್ಲಿ ಸೇರಿದರೆ ಕಲ್ಲಿನೊಳಗಿನ ಎಳೆತ ಅತ್ಯಂತ ಸುಲಭವಾಗಿ ಸಡಿಲವಾಗುತ್ತದೆ. ಆರು ಮುಖದ ಕಂಬಗಳೇ ಹೆಚ್ಚಿರುವುದು ಅದಕ್ಕೆ. ಎಂಟನೇ ಕ್ಲಾಸಿನ ಮಕ್ಕಳ ಕೈಗೆ ಕೋನಮಾಪಕ ಕೊಟ್ಟು ಆ ಕಲ್ಲುಗಳ ಮುಂದೆ ಕೂರಿಸಿ ನೋಡಿ. ಕೋನಗಳು ಪುಸ್ತಕದಲ್ಲಿದ್ದಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಅವರು ಕೇಳಲು ಶುರುಮಾಡಿದರೆ ಒಂದು ಗಂಟೆ ಎಲ್ಲಿಗೂ ಸಾಲುವುದಿಲ್ಲ.

ಹೇಳುವವರಿಲ್ಲದ ಕಡೆ ತಪ್ಪು ಕಥೆಗಳು ತಾವಾಗಿಯೇ ಬೆಳೆಯುತ್ತವೆ. ಈ ಕಲ್ಲನ್ನು ಬಸಾಲ್ಟ್ ಎಂದು ಪತ್ರಿಕೆಗಳಲ್ಲೂ ಪ್ರವಾಸಿ ಕರಪತ್ರಗಳಲ್ಲೂ ಬರೆಯುವುದು ರೂಢಿ. ಇದು ಬಸಾಲ್ಟ್ ಅಲ್ಲ, ರಯೋಲೈಟ್ ಮತ್ತು ಡೇಸೈಟ್ ಜಾತಿಯದು, ಸಿಲಿಕಾ ಹೆಚ್ಚು. ಜಗತ್ತಿನಲ್ಲಿ ಬಸಾಲ್ಟ್ ಕಂಬಗಳು ಬೇಕಾದಷ್ಟು ಉಂಟು, ಈ ಜಾತಿಯ ಲಾವಾದಲ್ಲಿ ಇಷ್ಟು ಚಂದದ ಕಂಬಗಳು ಅಪರೂಪ. ದಖ್ಖನ್ ಟ್ರ್ಯಾಪ್‌ನ ತುಂಡು ಎಂದು ಹೇಳುವವರೂ ಇದ್ದಾರೆ. ದಖ್ಖನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ನಮ್ಮ ದ್ವೀಪದ ಕಲ್ಲು ಅದಕ್ಕಿಂತ ಎಷ್ಟೋ ಹಿರಿಯದು. ಇನ್ನು ವಾಸ್ಕೋ ಡ ಗಾಮ. ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಇಲ್ಲಿಳಿದು ಶಿಲುಬೆ ನೆಟ್ಟ ಎಂಬ ಕಥೆ ಎಲ್ಲರ ಬಾಯಲ್ಲಿದೆ. 1498ರ ಮೇ ತಿಂಗಳಲ್ಲಿ ಅವನು ಆಫ್ರಿಕದ ಮಾಲಿಂದಿಯಿಂದ ನೇರ ಕಡಲು ದಾಟಿ ಕಲ್ಲಿಕೋಟೆಯ ಬಳಿ ಬಂದ. ಈ ಕಡೆ ಬಂದಿದ್ದರೆ ಅದು ಅಲ್ಲಿಂದ ಹೊರಟು ಕಾರವಾರದ ಬಳಿಯ ಅಂಜದೀವ ದ್ವೀಪದತ್ತ ಸಾಗುವಾಗಲೇ ಇರಬೇಕು. ಕರಾವಳಿಯ ಒಂದು ಪುಟ್ಟ ದ್ವೀಪದಲ್ಲಿ ಸಾಂತಾ ಮರಿಯಾ ಹೆಸರಿನ ಕಂಬ ನೆಟ್ಟದ್ದು ಆಗಲೇ.

ಗೈಡ್ ಎಂದರೆ ಮುಖ ಸಿಂಡರಿಸುವವರೂ ಉಂಟು. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ನಮ್ಮ ಯಜಮಾನರು ಹಳೇಬೀಡಿನಲ್ಲಿ ಗೈಡಿನಿಂದ ತಪ್ಪಿಸಿಕೊಳ್ಳಲು ದೇವಸ್ಥಾನಕ್ಕೆ ಉಲ್ಟಾ ಪ್ರದಕ್ಷಿಣೆ ಹಾಕಿದವರು. ಅಂಥವರಿಗೂ ದಾರಿ ಬೇಕು. ಕಂಬಗಳ ಪಕ್ಕದಲ್ಲೇ ಹಾದುಹೋಗುವ ಒಂದು ಕಾಲುದಾರಿ, ನಿಲ್ಲಬೇಕಾದ ಜಾಗಗಳಲ್ಲಿ ನಂಬರು ಕೊರೆದ ಗೂಟ, ಟಿಕೆಟ್ಟಿನ ಜೊತೆಗೇ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ, ಅದರಲ್ಲಿ ಆ ದಿನದ ಉಬ್ಬರ ಇಳಿತದ ಸಮಯ, ಇಷ್ಟು ಸಾಕು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಓದಿ ಎನ್ನುವುದನ್ನು ಮಾತ್ರ ನೆಚ್ಚಬೇಡಿ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಚಾರ್ಜ್ ಫೋಟೊಗೇ ಮುಗಿದಿರುತ್ತದೆ. ದಾರಿ ಇದ್ದರೆ ಜೀವಕ್ಕೂ ಒಳ್ಳೆಯದು. ಪಾಚಿಗಟ್ಟಿದ ಬಂಡೆಯಂಚಿಗೆ ಸೆಲ್ಫಿಗೆಂದು ಹೋಗಿ ಕಡಲುಪಾಲಾದವರ ಸುದ್ದಿ ನಾವು ಓದುತ್ತಲೇ ಇದ್ದೇವೆ. ಎಲ್ಲಿಗೆ ಹೋಗಬಾರದು ಎಂದು ಸೀಟಿ ಊದುವುದು ಬೇಕೇ ಬೇಕು. ಎಲ್ಲಿಗೆ ಹೋಗಬೇಕೆಂದೂ ಹೇಳಿದರೆ ಸೀಟಿಯವರ ಶ್ವಾಸಕೋಶಕ್ಕೆ ಸ್ವಲ್ಪ ವಿಶ್ರಾಂತಿ ಸಿಕ್ಕೀತು.

ಗೈಡೂ ದಾರಿಯೂ ಎರಡೂ ಇದ್ದರೆ ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಮಗಳು ಸಿಂಗಾಪುರದಲ್ಲಿದ್ದಾಳೆ. ಸಿಂಗಾಪುರ ನೋಡಿ ಬಂದವರ ಹೊಗಳಿಕೆ ಕೇಳಿ ಸಾಕಾದವರು ಒಂದು ಪ್ಯಾರಾ ಸಹಿಸಿಕೊಳ್ಳಿ. ಅಲ್ಲಿ ಪುಲಾವ್ ಉಬಿನ್ ಎಂಬ ದ್ವೀಪ ಉಂಟು. ಚಾಂಗಿಯ ಕಟ್ಟೆಯಲ್ಲಿ ಹನ್ನೆರಡು ಜನ ಸೇರಿದ ಮೇಲೆಯೇ ಹೊರಡುವ ಹಳೆಯ ದೋಣಿಗಳು. ನಮ್ಮ ಸರ್ವಿಸ್ ಜೀಪುಗಳ ಕ್ರಮವೇ. ದ್ವೀಪದ ಪೂರ್ವ ತುದಿಯ ಚೆಕ್ ಜಾವಾ ಎಂಬ ಕಡಲತಡಿಯನ್ನು ಮಣ್ಣು ತುಂಬಿ ನೆಲ ಮಾಡುವುದೆಂದು ಸರ್ಕಾರ ತೀರ್ಮಾನಿಸಿತ್ತು. ಇಳಿತದ ಹೊತ್ತಿಗೆ ಅಲ್ಲಿ ಏನೆಲ್ಲ ಬದುಕಿವೆ ಎಂದು ಕಂಡುಕೊಂಡ ಕೆಲವರು ಉಳಿದವರನ್ನು ಕರೆತಂದು ತೋರಿಸತೊಡಗಿದರು. ನೋಡಿದವರು ಅರ್ಜಿ ಬರೆದರು. 2001ರ ಡಿಸೆಂಬರ್‌ನಲ್ಲಿ ಸರ್ಕಾರ ಕೆಲಸವನ್ನು ಮುಂದೂಡಿತು; 2007ರಲ್ಲಿ ಅಲ್ಲೇ ನಡೆದಾರಿ ಕಟ್ಟಿತು. ಈಗ ಬೇಕಾದವರು ಸ್ವಯಂಸೇವಕರ ಹಿಂದೆ ಹೋಗುತ್ತಾರೆ, ಬೇಡವಾದವರು ಬಾಡಿಗೆ ಸೈಕಲ್ ಏರಿ ತಾವೇ ಸುತ್ತುತ್ತಾರೆ. ಸಿಂಗಾಪುರದ ಹಣ ನಮ್ಮಲ್ಲಿಲ್ಲ ಎನ್ನಬೇಡಿ. ಚೆಕ್ ಜಾವಾ ಉಳಿದದ್ದು ಹಣದಿಂದಲ್ಲ, ತೋರಿಸಿದವರಿಂದ.

ನಮ್ಮಲ್ಲಿ ತೋರಿಸುವವರು ಯಾರು? ದೂರದಿಂದ ತರಬೇಕಾಗಿಲ್ಲ. ಮಲ್ಪೆಯ ಮೊಗವೀರರ ಮನೆಗಳಲ್ಲಿ ಬೋಟು ಬಿಟ್ಟು ಮನೆಯಲ್ಲಿ ಕೂತ ತಾಂಡೇಲರಿದ್ದಾರೆ, ಎಂದರೆ ಬೋಟು ನಡೆಸಿದವರು. ಗಾಳಿ, ಸೆಳೆತ, ಯಾವ ಬಂಡೆಯ ಮೇಲೆ ಯಾವ ಹೊತ್ತಿಗೆ ನೀರು ಬರುತ್ತದೆ ಎಂಬುದೆಲ್ಲ ಅವರಿಗೆ ಅಂಗೈಯಲ್ಲಿದೆ. ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸಿಗೆ ಕಾಯುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಕಲ್ಲಿನ ವಿಷಯ ಹೇಳಿಕೊಡಲು ಮಂಗಳಗಂಗೋತ್ರಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ ಬಲ್ಲವರಿದ್ದಾರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಳೆಗಾಲ ಮುಗಿಯುವ ತನಕ ದ್ವೀಪದ ದೋಣಿಯೂ ಇಲ್ಲ. ಅವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಸಮಯ ಬೇರೆ ಯಾವುದು? ತಾಂಡೇಲರು ತುಳುವಿನಲ್ಲಿ ಹೇಳಿದರೂ ಆದೀತು, ಜೊತೆಗಿದ್ದ ಹುಡುಗಿ ಕನ್ನಡಕ್ಕೋ ಹಿಂದಿಗೋ ತಿರುಗಿಸುತ್ತಾಳೆ.

ಅಭಿವೃದ್ಧಿ ಎಂದ ಕೂಡಲೇ ನಮ್ಮವರಿಗೆ ಸಿಮೆಂಟು, ಜಾರುಬಂಡಿ, ಬಣ್ಣದ ಅಕ್ಷರಗಳಲ್ಲಿ ಊರಿನ ಹೆಸರು ನೆನಪಾಗುತ್ತದೆ. ಸುಮಾರು ಅರ್ಧ ಕಿಲೋಮೀಟರ್ ಉದ್ದದ ನೆಲದಲ್ಲಿ ಅದಕ್ಕೆಲ್ಲ ಜಾಗ ಹುಡುಕಿದರೆ ಕೊನೆಗೆ ಕಲ್ಲಿನ ಮೇಲೆಯೇ ಕಟ್ಟಬೇಕಾದೀತು. ಅದೂ ಅಲ್ಲದೆ ಯುನೆಸ್ಕೊ ತಾತ್ಕಾಲಿಕ ಪಟ್ಟಿಯಿಂದ ಮುಂದಿನ ಮೆಟ್ಟಿಲಿಗೆ ಹೋಗಬೇಕಾದರೆ ಸ್ಥಳವನ್ನು ಹೇಗೆ ನೋಡಿಕೊಳ್ಳುತ್ತೀರಿ, ಬಂದವರಿಗೆ ಹೇಗೆ ವಿವರಿಸುತ್ತೀರಿ ಎಂಬ ಪ್ರಶ್ನೆಗಳಿಗೂ ಉತ್ತರ ಕೊಡಬೇಕಾಗುತ್ತದೆ.

ಜಿಲ್ಲಾಡಳಿತಕ್ಕೆ ನನ್ನ ಮನವಿ ಇಷ್ಟೇ: ಮಳೆ ನಿಂತು ದೋಣಿ ಮತ್ತೆ ಶುರುವಾಗುವ ದಿನ ಕಟ್ಟೆಯಲ್ಲಿ ಬೆರಳೆಣಿಕೆಯಷ್ಟಾದರೂ ಗೈಡ್‌ಗಳು ಗುರುತಿನ ಚೀಟಿ ಧರಿಸಿ ನಿಂತಿರಲಿ, ಟಿಕೆಟ್ಟಿನ ಜೊತೆ ಆ ಒಂದು ಹಾಳೆ ಸಿಗಲಿ, ಒಂದು ಗಂಟೆ ಎರಡು ಗಂಟೆಯಾಗಲಿ. ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಶಿಕ್ಷಕರೇ, ಅಲ್ಲಿಯ ತನಕ ನಿಮ್ಮ ಚೀಲದಲ್ಲಿ ನಾಲ್ಕು ಕೋನಮಾಪಕ ಇರಲಿ.